ಸಕ್ಕರೆ ಹಾಕದ ಚೀನಾ ಟೀ

ನಾನು ಕೊಳ್ಳೇಗಾಲ–ಹನೂರು ಬಸ್ಸಿನ ಕಂಡಕ್ಟರ್. ಬೇರೆಯವರಿಗೆ ವರ್ಷಕ್ಕೊಂದು ಆಗುವಂಥ ಎಡವಟ್ಟು ನನಗೆ ವಾರಕ್ಕೊಂದು ಆಗುತ್ತೆ. ಯಾಕೆ ಅಂತ ನನ್ನನ್ನು ಕೇಳಬೇಡಿ, ನನ್ನ ಹಣೆಬರಹವನ್ನು ಕೇಳಿ. ಈಗ ಹೇಳೋದೆಲ್ಲ ಒಂದೇ ಟೀ ಡಬ್ಬಿಯಿಂದ ಆದದ್ದು.

ಕೊಳ್ಳೇಗಾಲದಲ್ಲೊಂದು ಟೀ, ಕಾಮಗೆರೆಯಲ್ಲೊಂದು, ಹನೂರಿನಲ್ಲೊಂದು, ವಾಪಸ್ ಬರುವಾಗ ಮತ್ತೆ ಅಷ್ಟೇ. ಹೀಗೆ ಟೀ ಮೇಲೇ ಸರ್ವೀಸು ಮಾಡಿದವನಿಗೆ ಶುಗರ್ ಬಂತು. ಕೊಳ್ಳೇಗಾಲದ ಡಾಕ್ಟರು, "ಈ ಮಾತ್ರೆ ತಗೊಳ್ಳಿ. ಹಾಲು, ಸಕ್ಕರೆ ಹಾಕಿದ ಟೀ ಇವತ್ತಿಗೇ ಬಿಡಿ. ಮುಂದಿನ ಸಲಕ್ಕೆ ಇಳೀದೇ ಇದ್ರೆ ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಕೋಬೇಕಾಗುತ್ತೆ" ಅಂದರು. ಕುಡಿದು ಗಲಾಟೆ ಮಾಡುವವನನ್ನು ಕತ್ತಿನ ಪಟ್ಟಿ ಹಿಡಿದು ಬಸ್ಸಿಂದ ಇಳಿಸೋ ಆಸಾಮಿ ನಾನು. ಆದರೆ ಸೂಜಿ ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತೆ.

ಹೊಗೆಸೊಪ್ಪು

ನನ್ನ ಗೆಳೆಯನೊಬ್ಬ ರೇಷ್ಮೆ ನೂಲಿನ ಅಂಗಡಿಯಲ್ಲಿ ಗುಮಾಸ್ತ. ಅವನ ಸಾಹುಕಾರರಿಗೆ ಚೀನಾ ನೂಲಿನ ವ್ಯಾಪಾರಿ ಒಬ್ಬರು ಒಂದು ಡಬ್ಬಿ ಟೀ ಕೊಟ್ಟಿದ್ದರಂತೆ. ಅದನ್ನು ತಂದು ನನ್ನ ಕೈಗಿಟ್ಟ. "ಸಾವ್ಕಾರ್ರು ಕಾಫಿ ಜನ, ಮುಟ್ನಿಲ್ಲ. ಇದ್ಕೆ ಹಾಲೂ ಬ್ಯಾಡ, ಸಕ್ಕರೇನೂ ಬ್ಯಾಡ ಕಣ್ಲಾ. ಸರ್ಯಾಗ್ ಮಾಡುದ್ರೆ ತಾನಾಗೇ ಜೇನಿನ ರುಚಿ ಬತ್ತದಂತೆ."

ನನಗೆ ಮರುಜನ್ಮ ಬಂದ ಹಾಗಾಯಿತು. ಧನಗೆರೆಯ ಮನೆಗೆ ತಂದು ಡಬ್ಬಿ ತೆರೆದೆ. ಉದ್ದುದ್ದ ಹೊಸೆದ ಕಪ್ಪು ಎಲೆ. ಅವ್ವ ಬಗ್ಗಿ ನೋಡಿ, "ಇದ್ಯಾಕ್ಲಾ ಒಗೆಸೊಪ್ಪು ತಂದೆ?" ಅಂದಳು.

ನಮ್ಮ ಟೀ ಥರ ಎರಡು ಮೂರು ಉಕ್ಕು ಬರಿಸಿ ಕುದಿಸಿದೆ. ಬೇವಿನ ಚಕ್ಕೆ ಕಷಾಯ! ಸೂಜಿ ನೆನೆಸಿಕೊಂಡು ಮುಖ ಕಿವುಚುತ್ತ ಲೋಟ ಪೂರ್ತಿ ಕುಡಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

ಆಮೇಲೆ ಗೆಳೆಯ ಬೈದು ಕ್ರಮ ಹೇಳಿಕೊಟ್ಟ. ಎಲೆ ಕುದಿಸಬಾರದು. ಬಿಸಿನೀರಲ್ಲಿ ಒಂದು ಸಲ ತೊಳೆದು ಆ ನೀರು ಚೆಲ್ಲಬೇಕು. ಮತ್ತೆ ಬಿಸಿನೀರು ಹುಯ್ದು, ಮುಚ್ಚಿಟ್ಟು, ಬೇಗ ಸೋಸಬೇಕು. ಮಾರನೇ ದಿನ ಅವ್ವ ನನ್ನನ್ನು ಒಲೆ ಮುಂದಿಂದ ಎಬ್ಬಿಸಿ, "ನಿನ್ ಕೈಲಾಗಕಿಲ್ಲ ಬುಡು. ನಾನೇ ಮಾಡಿ ಫ್ಲಾಸ್ಕಿಗೆ ಆಕ್ತೀನಿ" ಅಂದಳು. ನೋಡಿ, ಅವತ್ತಿಂದ ಜೇನಿನ ರುಚಿ ಬಂದೇ ಬಂತು. ಚೀನಾದವರ ಟೀ ಪಳಗಬೇಕಾದರೂ ಧನಗೆರೆ ಮುದುಕಿಯ ಕೈಯೇ ಬೇಕಾಯಿತು ಅಂತ ಬಸ್ಸಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮೊದಲ ನೀರು

ಎಲೆ ತೊಳೆದ ನೀರು ಚೆಲ್ಲಬೇಕು ಅಂದರೆ ಅವ್ವ ಒಪ್ಪುತ್ತಾಳಾ? ಅಕ್ಕಿ ತೊಳೆದ ನೀರನ್ನೇ ಚೆಲ್ಲದ ಮನೆ ನಮ್ಮದು. ಅದೆಲ್ಲ ಹಸುವಿನ ಕಲಗಚ್ಚಿನ ಬಕೆಟ್ಟಿಗೆ ಹೋಗುತ್ತೆ. ಇದೂ ಅಲ್ಲಿಗೇ ಹೋಯಿತು. ಹಸು ಏನಾಗುತ್ತೋ ಅಂತ ನಾನು ಹೆದರಿದ್ದೆ. ಅದು ಬಕೆಟ್ಟಿನ ತಳ ನೆಕ್ಕಿ ಇನ್ನೂ ಬೇಕು ಅಂತ ಅಂಬಾ ಅಂತು.

ನನಗೆ ರಜಾ ಇದ್ದ ದಿನ ಟೀ ಮಾಡಲಿಲ್ಲ. ಹಸು ಬರೀ ಕಲಗಚ್ಚನ್ನು ಮೂಸಿ ನೋಡಿ, ಮುಖ ತಿರುಗಿಸಿ, ಬಕೆಟ್ಟು ಒದ್ದು ಉರುಳಿಸಿತು. ಸದ್ದಿಗೆ ಪಕ್ಕದ ಮನೆಯ ಯಜಮಾನರು ಓಡಿ ಬಂದರು.

"ಅಸಕ್ಕೆ ಏನಾಯ್ತ್ಲಾ? ಡಾಕ್ಟ್ರುನ ಕರ್ಸೋವಾ?"

"ಏನಿಲ್ಲ ಕಣಣ್ಣ, ಚೀನಾ ಟೀ ಕುಡ್ದು ಅಭ್ಯಾಸ ಆಗ್ಬುಟ್ಟದೆ. ಇವತ್ತು ಸಿಗ್ನಿಲ್ಲ, ಅದ್ಕೆ ಸಿಟ್ಟು."

ಅವರು ಹಸುವನ್ನು ನೋಡಿದರು, ನನ್ನನ್ನು ನೋಡಿದರು. "ಡಾಕ್ಟ್ರು ಬೇಕಾಗಿರೋದು ಅಸಕ್ಕಲ್ಲ ಬುಡು" ಅಂತ ಹೊರಟು ಹೋದರು.

ಹನೂರಿನಲ್ಲಿ ರುಚಿ ನೋಡಿದ್ದು

ಅಷ್ಟು ಹೊತ್ತಿಗೆ ನಾನು ಟೀ ಪಂಡಿತನಾಗಿದ್ದೆ. ಹನೂರು ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಕೂತು, ಹೋಟೆಲಿನವರಿಗೂ ನಮ್ಮ ಡ್ರೈವರಿಗೂ ಫ್ಲಾಸ್ಕಿಂದ ಒಂದೊಂದು ಲೋಟ ಬಗ್ಗಿಸಿದೆ. "ಗಟಗಟ ಕುಡೀಬಾರ್ದು. ಮೊದಲು ಮೂಸಬೇಕು. ಆಮೇಲೆ ಸೊರ್ ಅಂತ ಸದ್ದು ಮಾಡಿ ಹೀರಿ, ನಾಲಿಗೆ ಮೇಲೆ ಉರುಳಾಡಿಸಬೇಕು" ಅಂತ ಪಾಠ ಮಾಡಿದೆ.

ಇಬ್ಬರೂ ಮೂಸಿದರು, ಸೊರ್ ಅಂದರು. ಹೋಟೆಲಿನವರು ಕಣ್ಣು ಮುಚ್ಚಿ ಯೋಚಿಸಿ, "ಬೆಲ್ಲದ ಪಾಕ ಕಂಡಂಗದೆ ಕಣ್ರಿ" ಅಂದರು.

ನನಗೆ ರೇಗಿತು. "ಸಕ್ಕರೆ ತಿಂದೂ ತಿಂದೂ ನಿಮ್ಮ ನಾಲಿಗೆ ಕೆಟ್ಟೋಗ್ಬುಟ್ಟದೆ. ಅದು ಎಲೆಯ ಗುಣ. ಜೇನು!"

ಡ್ರೈವರ್ ತನ್ನ ಪಾಡಿಗೆ ತಾನು ಲೋಟ ಖಾಲಿ ಮಾಡಿ ತುಟಿ ಒರೆಸಿಕೊಂಡ. "ಏನಾರ ಆಗ್ಲಿ ಕಣಣ್ಣ. ಒಂದಿಡಿ ಶಾವ್ಗೆ ಬಿಟ್ಟಿದ್ರೆ ಪಾಯಸ ಆಗೋದು."

ಸೂಜಿ

ರಿಪೋರ್ಟಿನ ದಿನ ಬಂತು. ಸೂಜಿ ಅಂದರೆ ನನ್ನ ಪಾಡೇನು ಅಂತ ಅವ್ವನಿಗೆ ಗೊತ್ತು. ಜೊತೆಗೆ ಬಂದಿದ್ದಳು. ನಾನೇನೋ ಎದೆ ಉಬ್ಬಿಸಿಕೊಂಡೇ ಕೂತಿದ್ದೆ. ಡಾಕ್ಟರು ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಇಳಿದಿಲ್ಲ ಕಣ್ರಿ. ಇನ್ನೊಂಚೂರು ಏರಿದೆ. ಸಿಹಿ ಬಿಟ್ಟಿದ್ದೀರಾ?"

"ಪೂರ್ತಿ ಬಿಟ್ಟಿದ್ದೀನಿ ಸಾ. ಹೋಟ್ಲು ಟೀನೂ ಬಿಟ್ಟೆ. ಚೀನಾ ಎಲೆ ಟೀ ಒಂದೇ. ಹಾಲಿಲ್ಲ, ಸಕ್ಕರೆ ಇಲ್ಲ. ಎಲೆಯಲ್ಲೇ ಜೇನಿನ ರುಚಿ ಇರುತ್ತೆ ಸಾ."

"ಹಾಗಾದ್ರೆ ಬೇರೆ ದಾರಿ ಇಲ್ಲ" ಅಂತ ಅವರು ಚೀಟಿ ಬರೆಯೋದಕ್ಕೆ ಶುರು ಮಾಡಿದರು. ನರ್ಸಮ್ಮ ಸೂಜಿ ತಂದು, ಹೊಟ್ಟೆಯ ಚರ್ಮ ಹೀಗೆ ಹಿಡ್ಕೊಂಡು ಹೀಗೆ ಚುಚ್ಕೋಬೇಕು ಅಂತ ತೋರಿಸಿದರು. ನನಗೆ ಕಣ್ಣು ಕತ್ತಲೆ ಬಂದು ಕುರ್ಚಿ ಹಿಡಿದುಕೊಂಡೆ.

ಅವ್ವ ಎದ್ದು ಬಂದು ನನಗೂ ನರ್ಸಮ್ಮನಿಗೂ ನಡುವೆ ನಿಂತಳು.

"ಬ್ಯಾಡಿ ಸಾ. ಚುಚ್ಚೋದಾದ್ರೆ ನನಗ್ ಚುಚ್ಚಿ. ದಿನಾ ಬೆಲ್ಲ ಆಕ್ದೋಳು ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಲ್ಲಾನಾ? ಯಾವಾಗಿಂದಮ್ಮ?"

"ಮೊದಲ್ನೇ ದಿನ ಇವ್ನು ಮೊಕ ಕಿವುಚ್ಕಂಡು ಕುಡುದ್ನಲ್ಲ, ಅದ್ರ ಮಾರ್ನೇ ದಿನದಿಂದ ಸಾ. ನನ್ ಮಗ ಕಯ್ಯಿ ಕಸಾಯ ಕುಡ್ಕಂಡು ಡೂಟಿಗೆ ಓಯ್ತಾನಲ್ಲ ಅಂತ ಒಟ್ಟೆ ಉರೀತು. ಸಕ್ಕರೆ ಬ್ಯಾಡ ಅಂದಿದ್ರಿ, ಸಕ್ಕರೆ ಮುಟ್ನಿಲ್ಲ. ಬೆಲ್ಲ ಒಳ್ಳೇದಲ್ವಾ ಸಾ?" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನರ್ಸಮ್ಮ ಗೋಡೆ ಕಡೆ ತಿರುಗಿ ನಕ್ಕರು. ಡಾಕ್ಟರು ಬರೆದ ಚೀಟಿ ಹರಿದು, "ಬೆಲ್ಲ ಇಲ್ಲದೆ ಇನ್ನೊಂದು ತಿಂಗಳು ಮಾತ್ರೆಯಲ್ಲೇ ನೋಡೋಣ. ಸದ್ಯಕ್ಕೆ ಸೂಜಿ ಬೇಡ" ಅಂದರು. ಹೋದ ಜೀವ ಬಂತು ನೋಡಿ! ಬೇವಿನ ಚಕ್ಕೆ ಕಷಾಯವನ್ನೇ ಬಿಂದಿಗೆಗಟ್ಟಲೆ ಕುಡಿಯೋಣ ಅನ್ನಿಸಿತು.

ಬಸ್‌ಸ್ಟಾಂಡಿಗೆ ನಡೆದು ಬರುವಾಗ ಹಸುವಿನ ನೆನಪಾಯಿತು.

"ಅವ್ವ, ಹಸ ಆ ನೀರಿಗೆ ಅಷ್ಟೊಂದು ಆಸೆ ಬೀಳ್ತಿತ್ತಲ್ಲ?"

ಅವ್ವ ತಿರುಗಿಯೂ ನೋಡದೆ ಹೇಳಿದಳು: "ಅದ್ಕೂ ಆಕ್ತಿದ್ದೆ ಕಣ್ಲಾ. ಅದ್ಕೇನು ಸುಗರ್ ಇಲ್ವಲ್ಲ."