ಕೊತ್ತಗೆರೆಯ ಕತ್ತೆಯೂ ನಮ್ಮ ಮನೆಯ ಮದುವೆ ಮಾತೂ

ಅಧ್ಯಕ್ಷರಿಗೆ,
ಮುದಿಜೀವ ಆಸರೆ ಟ್ರಸ್ಟ್,
ಕೊತ್ತಗೆರೆ, ಕುಣಿಗಲ್ ತಾಲ್ಲೂಕು.

ಮಾನ್ಯರೇ,

ತುಮಕೂರು ಸದಾಶಿವನಗರದ ಹಾರ್ಡ್‌ವೇರ್ ವ್ಯಾಪಾರಿ ಷಡಕ್ಷರಿಯಾದ ನಾನು, ನನ್ನ ಮೊಬೈಲ್ ಫೋನಿನ ಸಮೇತ ತಮಗೆ ಅಡ್ಡಬಿದ್ದು ಮಾಡುವ ಶರಣುಗಳು. ತಮ್ಮ ಕಡೆ ಎಲ್ಲರೂ ಕ್ಷೇಮವೆಂದು ತಮ್ಮ ಸಿಬ್ಬಂದಿ ದಿನವೂ ತಿಳಿಸುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ.

ಹೋದ ವರ್ಷ ತಮ್ಮ ಕೊಟ್ಟಿಗೆಯಲ್ಲಿ ಚಂದ್ರಿ ಎಂಬ ಮುದಿ ಕತ್ತೆಯನ್ನು ಕಂಡು, ಕರುಳು ಚುರುಕ್ಕೆಂದು, ಕೈಲಾದಷ್ಟು ಕೊಟ್ಟು, ರಸೀದಿಗೆಂದು ಫೋನ್ ನಂಬರನ್ನೂ ಕೊಟ್ಟೆ. ಅಂದಿನಿಂದ ತಾವು ನನ್ನನ್ನು ಒಂಟಿಯಾಗಿರಲು ಬಿಟ್ಟಿಲ್ಲ. ಸ್ನಾನಕ್ಕಿಳಿದರೆ ತಮ್ಮ ಕರೆ, ಊಟಕ್ಕೆ ಕೂತರೆ ತಮ್ಮ ಕರೆ; ಒಂದು ನಂಬರ್ ಬ್ಲಾಕ್ ಮಾಡಿದರೆ ಮತ್ತೊಂದರಿಂದ ಅದೇ ಅಕ್ಕರೆ, ಅದೇ ದೇಣಿಗೆಯ ಕೋರಿಕೆ. ಹೆತ್ತ ಮಗಳೂ ನನ್ನನ್ನು ಇಷ್ಟು ವಿಚಾರಿಸಿಕೊಂಡವಳಲ್ಲ.

ಆ ಮಗಳು ರೂಪಶ್ರೀಯನ್ನು ನೋಡಲು ಗುಬ್ಬಿಯ ಹೈಸ್ಕೂಲ್ ಮೇಷ್ಟ್ರು ಉದಯಕುಮಾರ್ ಬಂದಿದ್ದರು. ಹಿಂದೆ ಬಂದ ಗಂಡುಗಳಿಗೆಲ್ಲ ಮುಖ ತಿರುಗಿಸಿದ್ದ ಹುಡುಗಿ, ಈ ಸಲ ಯಾರೂ ಹೇಳದೆಯೇ ಎದ್ದು ಎರಡನೇ ಸಲ ಕಾಫಿ ತಂದುಕೊಟ್ಟಳು. ಹುಡುಗನ ತಂದೆ ಬಸವಪ್ರಭು ಅವರ ಫೋನಿಗೆ ನಾವೆಲ್ಲ ಕಾಯುತ್ತ ಕೂತೆವು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ನಮಸ್ಕಾರ ಸಾರ್, ತಾವು ದೊಡ್ಡ ಮನಸ್ಸು ಮಾಡ್ಬೇಕು..." ಎನ್ನುವಷ್ಟರಲ್ಲಿ ನನ್ನ ಸಹನೆಯ ಕಟ್ಟೆಯೊಡೆಯಿತು. "ಒಂದ್ ಸಲ ಹೇಳಿದ್ರೆ ಗೊತ್ತಾಗಲ್ವಾ? ಕೊಡಲ್ಲ ಅಂದ್ರೆ ಕೊಡಲ್ಲ! ಇನ್ನೊಂದ್ ಸಲ ಫೋನ್ ಬಂದ್ರೆ ಪೊಲೀಸ್ನೋರಿಗೆ ಹೇಳ್ತೀನಿ!" ಎಂದು ಗುಡುಗಿ, ಕುಸ್ತಿ ಗೆದ್ದ ಪೈಲ್ವಾನನಂತೆ ಮೀಸೆ ತಿರುವಿದೆ.

ಸಂಜೆ ರೂಪಶ್ರೀ ಅತ್ತು ಕೆಂಪಾದ ಕಣ್ಣಿನಲ್ಲಿ ಬಂದು ನಿಂತಳು. "ಅಪ್ಪಾ, ಅವ್ರಪ್ಪ ಫೋನ್ ಮಾಡಿದ್ರೆ ಹೆಣ್ಣು ಕೊಡಲ್ಲ ಅಂದ್ಯಂತೆ? ಪೊಲೀಸ್ ಬೇರೆ ಕರೀತೀಯಂತೆ?"

ಸ್ಕೂಟರ್ ಹತ್ತಿ ಗುಬ್ಬಿಗೆ ಓಡಿದೆ. ಜಗಲಿಯ ಮೇಲಿದ್ದ ಬಸವಪ್ರಭು ಪೇಪರಿನಿಂದ ತಲೆ ಎತ್ತಲಿಲ್ಲ. "ತಪ್ಪು ತಿಳ್ಕೋಬೇಡಿ ಸ್ವಾಮಿ, ನಾನು ಕತ್ತೆ ಕಡೆಯೋರು ಅಂದ್ಕೊಂಡೆ" ಎಂದೆ. ಅವರ ಮುಖ ಕೆಂಪೇರಿ ಪೇಪರಿನ ಹಿಂದೆ ಮರೆಯಾಯಿತು. ಮಗಳ ಬಾಳನ್ನು ನನ್ನ ಬಾಯಿಂದಲೇ ಹಾಳು ಮಾಡಿದೆನೆಂದು ಹಣೆ ಚಚ್ಚಿಕೊಳ್ಳುತ್ತಿರುವಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮತ್ತೆ ಗೊತ್ತಿಲ್ಲದ ನಂಬರು; ಬೇರೆ ದಾರಿ ಕಾಣದೆ, ಅವರೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಸಾರ್, ಟ್ರಸ್ಟಿಂದ ಪೂಜಾ ಮಾತಾಡ್ತಿರೋದು. ನಮ್ ಕತ್ತೆ ಚಂದ್ರಿ ನಿಮ್ಮನ್ನೇ ನೆನೆಸ್ಕೊಂಡು ಬೆಳಗ್ಗೆಯಿಂದ ಹುಲ್ಲೇ ಮುಟ್ಟಿಲ್ಲ. ಏನಾದ್ರೂ ಕೊಟ್ರೆ..."

ಪೇಪರ್ ಅಲುಗಾಡಿತು. ಅದರ ಹಿಂದೆ ಬಸವಪ್ರಭು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. "ಪಾಪ, ಅದಕ್ಕೂ ಕೊಡಿ, ನಮಗೂ ಕೊಡಿ ಬೀಗ್ರೇ!" ಎಂದರು. ಬಾಗಿಲ ಹಿಂದೆ ನಿಂತಿದ್ದ ಉದಯಕುಮಾರ್ ಆಗಲೇ ರೂಪಶ್ರೀಗೆ ಫೋನ್ ಮಾಡುತ್ತಿದ್ದರು.

ಆದ್ದರಿಂದ ಮಾನ್ಯರೇ, ಈ ಮದುವೆಗೆ ಜನರನ್ನು ಕರೆಯುವ ಭಾರವನ್ನು ತಾವೇ ಹೊರಬೇಕೆಂದು ಬೇಡಿಕೊಳ್ಳುತ್ತೇನೆ. ಬೆಳ್ಳಾವಿಯ ನನ್ನ ಅತ್ತಿಗೆ ದಾಕ್ಷಾಯಣಿ ಮುನಿಸಿಕೊಂಡು ಯಾರ ಮದುವೆಗೂ ಹೋಗುವವರಲ್ಲ. ಅವರು ಸೀರೆ ಉಟ್ಟು ಬಸ್ ಹತ್ತುವವರೆಗೂ ಪೂಜಾ ಅವರು ಬೇರೆ ಬೇರೆ ನಂಬರಿನಿಂದ ಕರೆಯುತ್ತಿರಲಿ. ಹಾಗೆಯೇ ಚಂದ್ರಿಗೂ ಒಂದು ಫೋನ್ ಕೊಡಿಸಿದರೆ, ನನ್ನ ಮೇಲೆ ಅವಳಿಗೆ ಇಷ್ಟೊಂದು ಪ್ರೀತಿ ಏಕೆಂದು ಅವಳ ಬಾಯಿಂದಲೇ ಕೇಳಿ ಧನ್ಯನಾಗುತ್ತೇನೆ.

ಸದಾ ಸಂಪರ್ಕದಲ್ಲಿರುವ,
ತಮ್ಮ ವಿಶ್ವಾಸಿ,
ಷಡಕ್ಷರಿ

ವಿ.ಸೂ.: ಬೀದಿನಾಯಿಗಳಿಗೆ ಸ್ವೆಟರ್ ಹೊಲಿಸುವ ಸಂಘದವರೊಬ್ಬರು ಈಗ ತಾನೇ ಫೋನ್ ಮಾಡಿ, ಧಾರಾಳ ಮನಸ್ಸಿನವರು ಯಾರಾದರೂ ಗೊತ್ತೇ ಎಂದು ಕೇಳಿದರು. ತಮ್ಮ ಹೆಸರನ್ನೂ ಮನೆಯ ಫೋನ್ ನಂಬರನ್ನೂ ಕೊಟ್ಟು, ಮೊದಲ ಸಲ ಬೇಡವೆಂದರೆ ಅದು ಅವರ ಸಂಕೋಚ, ಬಿಡಬೇಡಿ ಎಂದು ಹೇಳಿದ್ದೇನೆ.