ಪಳಗಿದ ಗೇಮಿನ ಬೆಲೆ

ಹಳೆಯದೇನಾದರೂ ಮಾರಲು ಹೊರಟರೆ ಸಾಕು, ತಾಳವಾಡಿಯಲ್ಲಿ ಸಲಹೆ ಕೊಡದವರು ಸಿಗುವುದಿಲ್ಲ. ನಾನು ಮಾರಲು ಹೊರಟದ್ದು ಕಾರ್ ರೇಸಿನ ಒಂದು ವಿಡಿಯೋ ಗೇಮ್ ಡಿಸ್ಕ್. ಆಡುತ್ತಿದ್ದವಳು ನನ್ನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಆಸ್ಪತ್ರೆಯಲ್ಲಿ ಹೇಳಿದ್ದಳು: "ಬೀರುವಿನಲ್ಲಿ ಇಡಬೇಡಿ, ಆಡುವವರಿಗೆ ಕೊಡಿ. ಆದರೆ ಅರ್ಧ ಬೆಲೆಗಿಂತ ಒಂದು ರೂಪಾಯಿ ಕಡಿಮೆಗೂ ಬೇಡ." ಹೊಸದರ ಬೆಲೆ ಸಾವಿರ, ಅರ್ಧ ಐನೂರು. ನಾನು ಮೇಷ್ಟ್ರು, ಲೆಕ್ಕ ತಪ್ಪುವುದಿಲ್ಲ ಎಂದುಕೊಂಡಿದ್ದೆ.

೧. ಕಪಾಟು

ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯವರು ಡಿಸ್ಕನ್ನು ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

"ಆಡಿ ಮುಗ್ಸಿರೋದು ಮೇಷ್ಟ್ರೆ. ಇನ್ನೂರೈವತ್ತು ಕೊಡ್ತೀನಿ."

ಅವರ ಗಾಜಿನ ಕಪಾಟಿನಲ್ಲಿ ಅದೇ ಗೇಮ್ ಇತ್ತು. ಮೇಲೆ ಏಳುನೂರೈವತ್ತು ಎಂದು ಚೀಟಿ.

"ಇದು ಹೊಸದೇ?"

"ಇಲ್ಲ, ಇದೂ ಅಳೇದೇಯ."

"ಮತ್ತೆ ಇದಕ್ಕೇಕೆ ಅಷ್ಟು?"

"ಇದು ಆರ್ ತಿಂಗ್ಳಿಂದ ರೆಸ್ಟ್ ತಕ್ಕಂಡದೆ."

೨. ಸ್ಟಾಫ್ ರೂಮು

ವಿಜ್ಞಾನದ ಮೇಷ್ಟ್ರಿಗೆ ಮಾರಾಟವೇ ತಪ್ಪು. "ಗೇಮ್ ಮಾಡಿದವರಿಗೆ ಇದರಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ. ಇದು ಅನ್ಯಾಯ."

ಗಣಿತದ ಟೀಚರ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ಸಾರ್, ನಿಮ್ಮ ಸ್ಕೂಟರ್ ಎಷ್ಟನೇ ಕೈಯದು?"

"ಮೂರನೆಯದು."

"ಕಂಪನಿಗೆ ಎಷ್ಟು ಕಳಿಸಿದಿರಿ?"

"ಸ್ಕೂಟರ್ ಸವೆಯುತ್ತದಮ್ಮ. ಗೇಮ್ ಸವೆಯುವುದಿಲ್ಲ."

"ಸವೆಯದೇ ಇರುವುದಕ್ಕೆ ಅಂಗಡಿಯವರು ಕಾಲು ಬೆಲೆ ಕೊಡುತ್ತೇನೆನ್ನುವುದು ನ್ಯಾಯವೇ?"

ವಿಜ್ಞಾನದ ಮೇಷ್ಟ್ರು ಅಂದು ಬೆಲ್ ಹೊಡೆಯುವ ಮುಂಚೆಯೇ ಕ್ಲಾಸಿಗೆ ಹೋದರು. ಅವರ ಸರ್ವೀಸಿನಲ್ಲೇ ಅದು ಮೊದಲು.

೩. ಟವೆಲ್

ಕೊನೆಗೆ ಕೊಳ್ಳಲು ಬಂದವರು ದೊಡ್ಡಗಾಜನೂರಿನ ಒಬ್ಬ ರೈತರು. ಕಾಲೇಜಿಗೆ ಹೋಗುವ ಮಗಳು ಕೇಳಿದ್ದಳಂತೆ. ಅವರು ಜೀವಮಾನದಲ್ಲಿ ಕೊಂಡದ್ದೆಲ್ಲ ಎತ್ತುಗಳೇ. ಡಿಸ್ಕನ್ನು ಬೆಳಕಿಗೆ ಹಿಡಿದು, ಎತ್ತಿನ ಮೈಮೇಲಿನ ಸುಳಿ ನೋಡುವಂತೆ ನಡುವಿನ ತೂತು ನೋಡಿದರು.

"ಸುಳಿ ಚೆಂದಾಗದೆ. ಯಾರು ಪಳಗ್ಸಿದ್ದು?"

"ನನ್ನ ಹೆಂಡತಿ."

ತಲೆ ಆಡಿಸಿ, ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನಡಿ ಬೆರಳು ಹಿಡಿದು ಹೇಳುತ್ತಾರೆ. ಐನೂರು ಎನ್ನಲು ನಾನು ಅವರ ಐದೂ ಬೆರಳನ್ನು ಬಿಗಿಯಾಗಿ ಹಿಡಿದೆ. ಅವರು ಸ್ವಲ್ಪ ಯೋಚಿಸಿ, ಒಪ್ಪಿ, ಐದು ಸಾವಿರ ಎಣಿಸಿದರು.

"ನಾನು ಹೇಳಿದ್ದು ಐನೂರು," ಎಂದೆ.

"ಸಂತೇಲಿ ಒಂದ್ ಬೆರಳ್ಗೆ ಸಾವ್ರ, ನೂರ್ರೂಪಾಯ್ಗೆ ಯಾವ ದನ ಬಂದದು ಮೇಷ್ಟ್ರೆ? ಟವಲ್ ಒಳ್ಗೆ ಒಪ್ಪಿದ್ದು ಒಪ್ಪಿದ್ದೇಯ."

ಎಷ್ಟು ಹೇಳಿದರೂ ಹಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮನಸ್ಸು ತಡೆಯದೆ, ಟಿವಿಗೆ ಜೋಡಿಸಿ ಅವಳು ಆಡುತ್ತಿದ್ದ ಗೇಮ್ ಪೆಟ್ಟಿಗೆಯನ್ನೂ ಕೊಟ್ಟುಬಿಟ್ಟೆ.

"ಈಗ ಜೋಡಿ ಆಯ್ತು," ಎಂದು ಹೊರಟರು.

೪. ಮೇಲಿನ ಹೆಸರು

ವಾರದ ನಂತರ ಅದೇ ಮೊಬೈಲ್ ಅಂಗಡಿಯ ಮುಂದೆ ಆ ರೈತರು ನನ್ನನ್ನು ತಡೆದು ನಿಲ್ಲಿಸಿದರು. ಏನೋ ಕೆಟ್ಟಿರಬೇಕೆಂದು ಹೆದರಿದೆ.

"ಮೇಷ್ಟ್ರೆ, ನನ್ ಮಗ್ಳು ಏಳ್ ದಿವ್ಸದಿಂದ ಕಾರ್ ಓಡುಸ್ತಾವ್ಳೆ. ಗೆದ್ದೋರ್ ಪಟ್ಟೀಲಿ ಮೇಲ್ಗಡೆ ನಿಮ್ ಮನೆಯೋರ್ ಎಸ್ರೇ ಕುಂತದೆ, ಅಳ್ಳಾಡ್ತಿಲ್ಲ. ಊಟಕ್ಕೂ ಏಳ್ದೆ ಅವ್ರನ್ನ ಸೋಲುಸ್ತೀನಿ ಅಂತ ಕೂತವ್ಳೆ. ಇಂತ ಪಳಗಿದ್ದಕ್ಕೆ ಐದ್ ಸಾವ್ರ ಕಮ್ಮಿನೇ ಆಯ್ತು ಕಣ್ ಮೇಷ್ಟ್ರೆ. ಇನ್ನೈನೂರು ತಕ್ಕಳಿ."

ಜೇಬಿಗೆ ಹಣ ತುರುಕಿಯೇ ಬಿಟ್ಟರು.

ಅಂಗಡಿಯವರು ಎಲ್ಲ ಕೇಳಿಸಿಕೊಂಡು ಹೊರಗೆ ಬಂದರು. ದನಿ ತಗ್ಗಿಸಿ, "ಮೇಷ್ಟ್ರೆ, ನಿಮ್ ಮನೆಯೋರು ಆಡಿದ್ದು ಇನ್ನೇನಾರ ಅವ?"

"ಆರು ಇವೆ," ಎಂದೆ. "ರೆಸ್ಟ್ ತೆಗೆದುಕೊಳ್ಳುತ್ತಿವೆ."