ನಮ್ಮ ತಾರಸಿಯ ಸಬ್ಸಿಡಿ ಬಿಸಿಲು

ಸಬ್ಸಿಡಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆ ವಸ್ತು ನನಗೆ ಬೇಕೋ ಬೇಡವೋ ಎಂದು ಯೋಚಿಸುವ ಶಕ್ತಿಯೇ ಹೊರಟುಹೋಗುತ್ತದೆ. ಮನೆ ಮುಂದೆ ನಾಲ್ಕು ದಾಸವಾಳದ ಗಿಡ ಇಟ್ಟುಕೊಂಡು ಔಷಧಿ ಹೊಡೆಯುವ ಪಂಪು ತಂದವನು ನಾನು. ಅಂಥವನಿಗೆ ತಾರಸಿಯ ಮೇಲೆ ಸೋಲಾರ್ ಹಾಕಿಸಿದರೆ ಸರ್ಕಾರ ಸಹಾಯಧನ ಕೊಡುತ್ತದೆ ಎಂದರೆ ಬಿಡುತ್ತೇನೆಯೇ? ಸಖರಾಯಪಟ್ಟಣದ ನಮ್ಮ ಬೀದಿಯಲ್ಲಿ ಮೊದಲು ಅರ್ಜಿ ಹಾಕಿದವನು ನಾನೇ. ಕಡೂರಿಗೆ ಓಡಾಡಿ ಓಡಾಡಿ ಚಪ್ಪಲಿ ಸವೆದವು. ಅಂತೂ ಪ್ಯಾನೆಲ್ ಬಂತು, ಸಹಾಯಧನವೂ ಬಂತು. ವರ್ಷಗಟ್ಟಲೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ಗತ್ತಿನಲ್ಲಿ ಜಗಲಿಯ ಮೇಲೆ ಕುಳಿತು, ಹೋಗಿ ಬರುವವರಿಗೆಲ್ಲ ಅಂದಂದಿನ ಯೂನಿಟ್ಟುಗಳನ್ನು ಮೊಬೈಲಿನಲ್ಲಿ ತೋರಿಸತೊಡಗಿದೆ. ಎದುರು ಮನೆಯ ಸಿದ್ದಪ್ಪ ಮಾತ್ರ, "ಬ್ಯಾಸಗೆ ಕಳೀಲಿ ಮೇಷ್ಟ್ರೇ, ನಿಮ್ದು ಹೆಂಗೆ ಓಡ್ತೈತೆ ನೋಡ್ಕಂಡು ನಾವೂ ಅರ್ಜಿ ಹಾಕ್ತೀವಿ" ಎಂದ. ಅಲ್ಲಿಗೆ ಸರ್ಕಾರದ ಮಾನವೂ ನನ್ನ ಮಾನವೂ ಒಂದೇ ಆಯಿತು.

ಬೇಸಿಗೆ ಬಂತು. ನೆತ್ತಿ ಸುಡುವ ಬಿಸಿಲಿದ್ದರೂ ಯೂನಿಟ್ಟುಗಳು ಅರ್ಧಕ್ಕಿಳಿದವು. ಮಂಡಿನೋವಿನಿಂದ ನಾನು ಮೆಟ್ಟಿಲು ಹತ್ತಲಾರೆ. ಪ್ಯಾನೆಲ್ ಕೂರಿಸಿದ ತರೀಕೆರೆಯ ರಮೇಶನಿಗೆ ಜಗಲಿಯಿಂದಲೇ ದಿನಕ್ಕೆರಡು ಸಲ ಫೋನಿನಲ್ಲಿ ಬೈದೆ. ಇದರ ಮಧ್ಯೆ ನನ್ನ ಎರಡು ಹಳೆಯ ಪಂಚೆಗಳು ಬೇರೆ ಕಾಣೆಯಾದವು. "ನಿಮ್ಮ ಪಂಚೆ ಯಾವ ಕಳ್ಳ ಕದೀತಾನ್ರೀ, ಕಾಫಿ ಕುಡೀರಿ" ಎಂದು ನನ್ನ ಹೆಂಡತಿ ಗೌರಮ್ಮ ಎಂದಿನಂತೆ ಕರಿದ ಸಂಡಿಗೆಯ ತಟ್ಟೆ ಮುಂದಿಟ್ಟಳು.

ಕೊನೆಗೆ ಒಂದು ಸಂಜೆ ರಮೇಶ ಬಂದ. ಸಿದ್ದಪ್ಪನೂ ಅವನ ಹಿಂದೆಯೇ ತಾರಸಿ ಹತ್ತಿದ. ನಾನು ಕಾಫಿ, ಸಂಡಿಗೆ ಮುಂದಿಟ್ಟುಕೊಂಡು ಜಗಲಿಯಲ್ಲೇ ಕಾದೆ. ಆಮೇಲೆ ಮೇಲಿನಿಂದ ರಮೇಶನ ದನಿ ಕೇಳಿಸಿತು: "ಸಾರ್, ನಿಮ್ಮ ಪಂಚೆ ಸಿಕ್ತು. ಪ್ಯಾನೆಲ್ ಮೇಲೆ ಕಟ್ಟವ್ರೆ. ಪಂಚೆ ತುಂಬಾ ಸಂಡಿಗೆ ಐತೆ."

ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಇನ್ನೆಲ್ಲಿ ಒಣಗಿಸ್ಲಿ? ತಾರಸಿ ಪೂರ್ತಿ ನೀವೇ ಹಿಡ್ಕಂಡಿದೀರ. ನಾನೇನು ಎಲ್ಲಾ ಪ್ಯಾನೆಲ್ಲೂ ಮುಚ್ಚಿಲ್ವಲ್ಲ, ಅರ್ಧ ನಿಮಗೇ ಬಿಟ್ಟಿದೀನಿ ಕಣ್ರೀ" ಎಂದಳು.

ಇನ್ನು ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಸಿದ್ದಪ್ಪ ಇಳಿದು ಬಂದು, "ಅರ್ಜಿ ಎಲ್ಲಿ ಕೊಡ್ಬೇಕು ಮೇಷ್ಟ್ರೇ? ನಮ್ಮನೇಲೂ ಸಂಡಿಗೆ ಒಣಗ್ಸಾಕೆ ಜಾಗಿಲ್ಲ" ಎಂದ.

ಅವನು ಹೋದ ಮೇಲೆ ಗೌರಮ್ಮನನ್ನು ಗದರಲೆಂದು ತಿರುಗಿದೆ. ಆದರೆ ಎಲ್ಲಿ ಹೋದವೆಂದು ರಮೇಶನನ್ನು ಬೈದೆನೋ ಆ ಯೂನಿಟ್ಟುಗಳನ್ನು ದಿನಾ ಸಂಜೆ ಕಾಫಿಯ ಜೊತೆ ಕರುಂ ಕುರುಂ ಎಂದು ತಿಂದು ಮುಗಿಸಿದವನು ನಾನೇ. ಆಗಲೂ ಬಾಯಲ್ಲೊಂದು ಸಂಡಿಗೆ ಇತ್ತು.